ಬಾತ್‌ನಲ್ಲಿ ಆಫ್ಟರ್‌ನೂನ್ ಟೀ ಬುಕ್ ಮಾಡ್ತೀರಾ? ‘ವೆಜಿಟೇರಿಯನ್’ ಅಂತ ಟಿಕ್ ಮಾಡಿದ್ರೆ ಸಾಲದು

ಊರಿಂದ ಅತ್ತೆ-ಮಾವ ಬಂದಿದ್ದಾರೆ, ಇಂಗ್ಲೆಂಡಿನ ಬಾತ್ ಊರು ತೋರಿಸಿ, ಅಲ್ಲೇ ಆಫ್ಟರ್‌ನೂನ್ ಟೀ (ಟೀ ಜೊತೆ ಸ್ಯಾಂಡ್‌ವಿಚ್, ಕೇಕು) ಕುಡಿಸಿಕೊಂಡು ಬರೋಣ ಅಂತ ಯಾರಾದ್ರೂ ಯೋಚಿಸುತ್ತಿದ್ದರೆ ದಯವಿಟ್ಟು ಮೊದಲು ಇದನ್ನು ಓದಿ. ಹೋದ ಶನಿವಾರ ನಾನು 175 ಪೌಂಡ್ 50 ಪೆನ್ಸ್ ಕೊಟ್ಟು ಬೇಸ್ತು ಬಿದ್ದೆ. ದುಡ್ಡು ಹೋಯ್ತು ಅಂತ ಹೊಟ್ಟೆ ಉರಿಯುತ್ತಿಲ್ಲ. ಸರಿ, ದುಡ್ಡಿಗೂ ಉರಿಯುತ್ತಿದೆ.

ನಾವಿರುವುದು ರೆಡಿಂಗ್‌ನಲ್ಲಿ. ಅಲ್ಲಿಂದ ಬಾತ್‌ಗೆ ರೈಲಿನಲ್ಲಿ ಸುಮಾರು ಒಂದು ಗಂಟೆ. “ಊರ ಹೆಸರೇ ಬಾತ್ ಅಂದ್ಮೇಲೆ ಖಾರಾಬಾತ್, ಕೇಸರಿಬಾತ್ ಎರಡೂ ಸಿಗಬೇಕಲ್ಲಮ್ಮ” ಅಂತ ಮಾವ ದಾರಿಯುದ್ದಕ್ಕೂ ತಮಾಷೆ ಮಾಡಿದರು. ಬೆಳಗ್ಗೆ ರೋಮನ್ ಬಾತ್ಸ್ ನೋಡಿದೆವು. ರೋಮನ್ನರ ಕಾಲದ ಕೊಳ, ಇವತ್ತಿಗೂ ನೆಲದಿಂದ 46 ಡಿಗ್ರಿ ಬಿಸಿನೀರು ಉಕ್ಕುತ್ತದೆ, ದಿನಕ್ಕೆ 10 ಲಕ್ಷ ಲೀಟರಿಗೂ ಜಾಸ್ತಿ. ಮಾವನಿಗೆ ಪುತ್ತೂರಿನ ಬೆಂದ್ರ್ ತೀರ್ಥ ನೆನಪಾಯಿತು. ಅತ್ತೆ ಕುಡಿಯಲು ಇಟ್ಟಿದ್ದ ನೀರನ್ನು ಅಂಗೈಗೆ ಹಾಕಿಕೊಂಡು ತೀರ್ಥದ ಹಾಗೇ ಕುಡಿದು, ಉಳಿದ ಎರಡು ಹನಿಯನ್ನು ತಲೆಗೆ ಸವರಿಕೊಂಡರು. ಉಗುರುಬೆಚ್ಚಗಿನ, ತುಕ್ಕು ಹಿಡಿದ ಕೊಳಾಯಿಯ ರುಚಿ ಅದಕ್ಕೆ.

ಇದನ್ನು ಯಾಕೆ ಹೇಳ್ತಿದ್ದೀನಿ ಅಂದ್ರೆ, ಅವರು ಎಂಥವರು ಅಂತ ಗೊತ್ತಾಗಲಿ. ಹೊರಗೆ ಕೇಕ್ ತಿನ್ನುತ್ತಾರೆ. ಮೊಟ್ಟೆ ಹಾಕಿದ್ದಾರಾ ಅಂತ ಅವರು ಕೇಳುವುದಿಲ್ಲ, ನಾವು ಹೇಳುವುದಿಲ್ಲ. ನಮ್ಮ ಮನೆಯ ಒಪ್ಪಂದ ಅದು. ಮಾಂಸದ ವಿಷಯದಲ್ಲಿ ಮಾತ್ರ ಯಾವ ಒಪ್ಪಂದವೂ ಇಲ್ಲ.

ಟೀ ರೂಮನ್ನು ಮೂರು ವಾರ ಮೊದಲೇ ಬುಕ್ ಮಾಡಿದ್ದೆ. ತಲೆಗೆ 39 ಪೌಂಡ್, ಅದರಲ್ಲಿ 10 ಪೌಂಡ್ ಮುಂಗಡ. ನಾಲ್ಕೂ ವೆಜಿಟೇರಿಯನ್ ಅಂತ ಟಿಕ್ ಮಾಡಿದೆ. ಕೆಳಗಿನ ಖಾಲಿ ಜಾಗದಲ್ಲಿ ಮಾಂಸ ಬೇಡ, ಮೀನು ಬೇಡ ಅಂತ ಬೇರೆ ಬರೆದೆ. ನಾಲ್ಕು ವೆಜಿಟೇರಿಯನ್ ಅಂತ ಕನ್ಫರ್ಮೇಷನ್ ಮೇಲ್ ಕೂಡ ಬಂತು. ಇನ್ನೇನು ಮಾಡಬೇಕಿತ್ತು ನಾನು?

ಮೂರು ಅಂತಸ್ತಿನ ಸ್ಟ್ಯಾಂಡ್ ಬಂತು. ಕೆಳಗೆ ಸೌತೆಕಾಯಿ ಸ್ಯಾಂಡ್‌ವಿಚ್, ಚೀಸ್ ಸ್ಯಾಂಡ್‌ವಿಚ್. ನಡುವೆ ಸ್ಕೋನ್, ಜಾಮ್, ಕ್ಲಾಟೆಡ್ ಕ್ರೀಮ್. ಮೇಲೆ ಕೇಕುಗಳು, ಜೊತೆಗೆ ಪುಟ್ಟ ಗಾಜಿನ ಲೋಟದಲ್ಲಿ ಬೆಳ್ಳಗೆ ನಡುಗುವ ಪನ್ನಾ ಕೋಟಾ, ಅದರ ಮೇಲೊಂದು ರಾಸ್ಪ್‌ಬೆರಿ. ಅತ್ತೆ ಚಮಚದ ತುದಿಯಲ್ಲಿ ಚೂರು ನೆಕ್ಕಿ ನೋಡಿದರು. ಆಮೇಲೆ ಲೋಟದ ತಳ ಕೆರೆದರು. ಮಾವ ತಮ್ಮದನ್ನೂ ಅವರ ಕಡೆ ತಳ್ಳಿದರು. ಅದೂ ಖಾಲಿ.

“ಇದನ್ನ ಹೇಗೆ ಮಾಡ್ತಾರೆ ಕೇಳಮ್ಮ” ಅಂದರು ಅತ್ತೆ.

ಕೇಳಿದೆ. ಬಡಿಸುತ್ತಿದ್ದ ಹುಡುಗಿಗೆ ಖುಷಿಯೋ ಖುಷಿ. ಅಡುಗೆಮನೆಗೆ ಹೋಗಿ ಬಂದು ಬೆರಳು ಮಡಚಿ ಎಣಿಸಿದಳು. ಕ್ರೀಮ್, ಸಕ್ಕರೆ, ವೆನಿಲ್ಲಾ, ಜೆಲಟಿನ್.

ನನ್ನ ಕೈಯಲ್ಲಿದ್ದ ಕಪ್ಪು ಹಾಗೇ ನಿಂತಿತು. ಜೆಲಟಿನ್ ಅಂದ್ರೆ ಪ್ರಾಣಿಗಳ ಚರ್ಮ, ಮೂಳೆ ಬೇಯಿಸಿ ತೆಗೆಯುವ ಅಂಟು. ಜೆಲಟಿನ್ ಯಾವುದರದ್ದು ಅಂತ ಕೇಳಿದೆ. ಮತ್ತೆ ಒಳಗೆ ಹೋದಳು. ನಗುನಗುತ್ತಾ ಬಂದು, ನನಗೆ ಸಮಾಧಾನ ಆಗಲಿ ಅಂತ ಮೆಲ್ಲಗೆ ಹೇಳಿದಳು: “ಚಿಂತೆ ಮಾಡಬೇಡಿ, ದನದ್ದಲ್ಲ. ಹಂದಿಯದು.”

ಹಂದಿಯದು! ಎರಡು ಲೋಟ!

“ಏನಂತೆ?” ಅಂದರು ಅತ್ತೆ. ಅವರಿಗೆ ಆ ಹುಡುಗಿಯ ಇಂಗ್ಲಿಷ್ ಅರ್ಥವಾಗಿರಲಿಲ್ಲ, ಪುಣ್ಯ. “ಹಾಲಿನ ಕೆನೆ, ಸಕ್ಕರೆ, ವೆನಿಲ್ಲಾ ಅಂತೆ ಅತ್ತೆ” ಅಂದೆ. ನಮ್ಮೆಜಮಾನ್ರು ಕಿಟಕಿ ಕಡೆ ಮುಖ ತಿರುಗಿಸಿಕೊಂಡು ಕೂತರು. ಅವರಿಗೂ ಕೇಳಿಸಿತ್ತು.

ಕೈ ತೊಳೆಯುವ ನೆಪ ಮಾಡಿ ಎದ್ದು ಹೋಗಿ ಮ್ಯಾನೇಜರ್ ಹತ್ತಿರ ಮಾತಾಡಿದೆ. ಆಯಮ್ಮನ ಉತ್ತರ ಕೇಳಿ. “ನಮ್ಮ ವೆಜಿಟೇರಿಯನ್ ಆಯ್ಕೆ ಸ್ಯಾಂಡ್‌ವಿಚ್‌ಗೆ ಮಾತ್ರ. ಸಿಹಿ ಎಲ್ಲರಿಗೂ ಒಂದೇ.” ಇದನ್ನು ಎಲ್ಲಿ ಬರೆದಿದ್ದೀರಿ ಅಂದೆ. ಅಲರ್ಜಿ ಪಟ್ಟಿಯ ಫೈಲ್ ತಂದು ತೋರಿಸಿದಳು. ಇಲ್ಲಿನ ಕಾನೂನಿನ ಪ್ರಕಾರ ಹೇಳಲೇಬೇಕಾದ ಅಲರ್ಜಿ ಪದಾರ್ಥಗಳು 14. ಹಾಲು, ಮೊಟ್ಟೆ, ಸಾಸಿವೆ, ಎಳ್ಳು ಎಲ್ಲ ಇವೆ. ಜೆಲಟಿನ್ ಅದರಲ್ಲಿ ಬರುವುದೇ ಇಲ್ಲ. “ನೋಡಿ, ಪಟ್ಟಿಯಲ್ಲಿ ಇಲ್ಲವಲ್ಲ” ಅಂತ ನನಗೇ ತಿರುಗಿ ಹೇಳ್ತಾಳೆ! ಆಮೇಲೆ, “ಇಲ್ಲಿಯವರೆಗೆ ಯಾರೂ ದೂರು ಕೊಟ್ಟಿಲ್ಲ.” ಆಮೇಲೆ, “ತಿನ್ನುವ ಮೊದಲು ನೀವು ಕೇಳಬಹುದಿತ್ತು.” ನಾನು ಮೂರು ವಾರ ಮೊದಲೇ ಬರೆದು ತಿಳಿಸಿದ್ದೆ. ಮೂರು ವಾರ!

ಬಿಲ್ಲಿನಲ್ಲಿ ಶೇ. 12.5 ಸರ್ವೀಸ್ ಚಾರ್ಜ್ ಬೇರೆ, 19 ಪೌಂಡ್ 50. ಐಚ್ಛಿಕ ಅಂತ ಅದರಲ್ಲೇ ಬರೆದಿತ್ತು, ತೆಗೀರಿ ಅಂದಿದ್ರೆ ತೆಗೆಯಬೇಕಿತ್ತು. ಅಷ್ಟೂ ನನಗೆ ಗೊತ್ತು. ಆದರೆ ಅಲ್ಲಿ ದನಿ ಏರಿಸಿದರೆ ಅತ್ತೆ ಯಾಕೆ ಏನು ಅಂತ ಕೇಳುತ್ತಾರೆ. ಸುಮ್ನೆ ಕಾರ್ಡ್ ತಾಗಿಸಿ ಬಂದೆ. “ನಮ್ಮ ದುಡ್ಡಲ್ಲಿ ಎಷ್ಟಾಯ್ತಮ್ಮ?” ಅಂತ ಮಾವ ಮೆಟ್ಟಿಲಿಳಿಯುವಾಗ ಕೇಳಿದರು. ಅದಕ್ಕೂ ಸುಳ್ಳೇ ಹೇಳಿದೆ.

ಮನೆಗೆ ಬಂದು ಉದ್ದದ ಮೇಲ್ ಹಾಕಿದೆ. ಎರಡು ದಿನಕ್ಕೆ ಉತ್ತರ ಬಂತು. ನಮ್ಮ ಟೀ ನಿಮ್ಮ ನಿರೀಕ್ಷೆಗೆ ತಕ್ಕಂತೆ ಇರಲಿಲ್ಲ ಎಂದು ತಿಳಿದು ಬೇಸರವಾಯಿತು, ಮುಂದಿನ ಸಲ ಬಂದಾಗ ಶೇ. 10 ರಿಯಾಯಿತಿ ಕೊಡುತ್ತೇವೆ ಅಂತ. ಮುಂದಿನ ಸಲವಂತೆ.

ಹೋಗುವವರು ಹೋಗಿ, ಊರು ನಿಜಕ್ಕೂ ಚೆನ್ನಾಗಿದೆ. ಆದರೆ ಟೀ ರೂಮಿಗೆ ಫೋನ್ ಮಾಡಿ ‘ಜೆಲಟಿನ್’ ಅನ್ನುವ ಪದವನ್ನೇ ಬಳಸಿ ಕೇಳಿ, ಉತ್ತರವನ್ನು ಮೇಲ್‌ನಲ್ಲಿ ತರಿಸಿಕೊಳ್ಳಿ. ಮೂಸ್, ಪನ್ನಾ ಕೋಟಾ, ಮಾರ್ಷ್‌ಮ್ಯಾಲೋ ಕಂಡರೆ ಕೇಳದೆ ಮುಟ್ಟಬೇಡಿ. ನನ್ನ ಕೇಳಿದ್ರೆ ಬರೀ ಕ್ರೀಮ್ ಟೀ ತಗೊಳ್ಳಿ: ಸ್ಕೋನ್, ಜಾಮ್, ಕ್ರೀಮ್, ಟೀ, ಅಷ್ಟೇ. ದುಡ್ಡೂ ಉಳಿಯುತ್ತದೆ, ಮೇಲಿನ ಅಂತಸ್ತಿನ ಗೋಜೂ ಇಲ್ಲ.

ನಿನ್ನೆ ರಾತ್ರಿ ಅತ್ತೆ ಊರಿಗೆ ಫೋನ್ ಮಾಡಿ ತಂಗಿಯ ಹತ್ತಿರ ಮಾತಾಡುತ್ತಿದ್ದರು. “ಬಾಯಲ್ಲಿಟ್ಟರೆ ಕರಗುತ್ತೆ ಕಣೇ. ಅದೇನು ದೊಡ್ಡ ವಿದ್ಯೆ ಅಲ್ಲ, ನಮ್ಮ ಚೈನಾ ಗ್ರಾಸ್ ಹಾಕ್ತಾರೆ. ನನಗೆ ತಿಂದ ಕೂಡಲೇ ಗೊತ್ತಾಯ್ತು.” ನಾನು ಪಾತ್ರೆ ತೊಳೆಯುತ್ತಿದ್ದೆ. ನಲ್ಲಿಯನ್ನು ಇನ್ನೂ ಜೋರಾಗಿ ತಿರುಗಿಸಿದೆ.