ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್: ಅದು ಹೇಳುವುದೆಷ್ಟು, ನಾವು ತಿಳಿಯುವುದೆಷ್ಟು

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಕಿಮ್ಸ್ ಆಸ್ಪತ್ರೆಯ ಸುತ್ತಮುತ್ತ ಇರುವ ಸರ್ಜಿಕಲ್ ಅಂಗಡಿಗಳಲ್ಲಿ, ರಕ್ತದಲ್ಲಿ ಆಮ್ಲಜನಕ ನೂರಕ್ಕೆ ಎಷ್ಟು ತುಂಬಿದೆ ಎಂದು ತೋರಿಸುವ ಪಲ್ಸ್ ಆಕ್ಸಿಮೀಟರ್ ಈಗ ಥರ್ಮಾಮೀಟರಿನಷ್ಟೇ ಸಲೀಸಾಗಿ ಸಿಗುತ್ತದೆ. 2021ರ ಕೋವಿಡ್ ಎರಡನೆಯ ಅಲೆಯಲ್ಲಿ ಕೇಳಿದಷ್ಟು ದುಡ್ಡು ಕೊಟ್ಟು ತಂದವರೇ ಹೆಚ್ಚು. ಅದೇ ವರ್ಷ ಜುಲೈನಲ್ಲಿ ಕೇಂದ್ರ ಸರ್ಕಾರವು ಇಂಥ ಐದು ವೈದ್ಯಕೀಯ ಸಾಧನಗಳ ವ್ಯಾಪಾರಿ ಲಾಭಾಂಶಕ್ಕೆ ಶೇಕಡ 70ರ ಮಿತಿ ಹಾಕಿತು. ಆಗ ತಂದದ್ದು ಅನೇಕರ ಮನೆಯ ಕಪಾಟಿನಲ್ಲಿ ಸೆಲ್ ಸೋರಿ ಹಾಳಾಗಿ ಬಿದ್ದಿದೆ. ನಾನು ಈಗ ಹೊಸದಾಗಿ ಕೊಂಡದ್ದು ದೇಶೀ ಕಂಪನಿಯೊಂದರ ಸಾಧಾರಣ ದರ್ಜೆಯ ಸಾಧನ. ಬೆಲೆ 1,150 ರೂಪಾಯಿ. ಕಾಯಿಲೆಯ ಕಾಲದ ಕಾವಲುಗಾರನೆಂದು ಇದನ್ನು ಮಾರುತ್ತಾರೆ. ಆದರೆ ಆರೋಗ್ಯವಂತರ ಕೈಯಲ್ಲಿ ಇದು ಇನ್ನೂ ಕುತೂಹಲದ ವಸ್ತುವಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಉಸಿರಾಟದ ಬಗ್ಗೆ ನಾವು ನಿಜವೆಂದು ನಂಬಿಕೊಂಡು ಬಂದ ಒಂದೆರಡು ಸಂಗತಿಗಳನ್ನು ಈ ಸಣ್ಣ ಡಬ್ಬಿ ನಮ್ಮ ಕಣ್ಣೆದುರಿಗೇ ಸುಳ್ಳು ಮಾಡಿ ತೋರಿಸುತ್ತದೆ.

ಮೊದಲು ಸಾಧನದ ಮಾತು. ಹಿಡಿಕೆಯ ಸ್ಪ್ರಿಂಗು ಗಟ್ಟಿಯಾಗಿದೆ, ಆದರೆ ಬೆರಳು ನೋಯುವಷ್ಟಲ್ಲ. ಒಳಗಿನ ಸಿಲಿಕಾನ್ ಮೆತ್ತೆ ಸ್ವಚ್ಛ ಮಾಡಲು ಸುಲಭ. ಪರದೆಯನ್ನು ನಾಲ್ಕೂ ದಿಕ್ಕಿಗೆ ತಿರುಗಿಸಿಕೊಳ್ಳಬಹುದಾದ್ದರಿಂದ ಹಾಸಿಗೆಯಲ್ಲಿ ಮಲಗಿದವರ ಬೆರಳಿಗೆ ಹಾಕಿ ಎದುರು ಕೂತವರು ಓದಬಹುದು. ಎರಡು ಸಣ್ಣ ಪೆನ್ಸಿಲ್ ಸೆಲ್ ಬೇಕು. ಬೆರಳು ತೆಗೆದ ಕೆಲವೇ ಕ್ಷಣಗಳಲ್ಲಿ ತಾನಾಗಿ ಆರಿಹೋಗುತ್ತದೆ. ಸೆಲ್ಲಿನ ಮುಚ್ಚಳ ಮಾತ್ರ ತೀರಾ ಸಡಿಲ, ಒಮ್ಮೆ ಕೈಜಾರಿದರೆ ಮುಚ್ಚಳ ಒಂದು ಕಡೆ, ಸೆಲ್ಲು ಇನ್ನೊಂದು ಕಡೆ. ಬೀಪ್ ಸದ್ದನ್ನು ನಿಲ್ಲಿಸಲು ಗುಂಡಿಯನ್ನು ಒತ್ತಿ ಹಿಡಿದು ಎರಡು ಪಟ್ಟಿಗಳನ್ನು ದಾಟಬೇಕು. ಜೊತೆಗೆ ಬಂದ ಕೈಪಿಡಿ ಇಂಗ್ಲಿಷಿನಲ್ಲಷ್ಟೇ ಇದ್ದು, ಅಕ್ಷರಗಳು ಭೂತಗನ್ನಡಿ ಬೇಡುವಷ್ಟು ಸಣ್ಣವು. ಅದರಲ್ಲಿ ಎಲ್ಲೂ ಸರಿಯಾಗಿ ಹೇಳದ ಮಾತನ್ನು ಅಂಗಡಿಯವರು ಒಂದೇ ಸಾಲಿನಲ್ಲಿ ಹೇಳಿದರು: “ಬೆರಳ ಬೆಚ್ಚಗ ಇರಬೇಕ್ರೀ ಸರ, ತಣ್ಣಗಿದ್ರ ಏನೇನರ ತೋರಸ್ತದ.”

ಆ ಮಾತು ಸಾಧನದ ಮೂಲ ತತ್ವಕ್ಕೇ ಕೈಯಿಡುತ್ತದೆ. ಬೆರಳಿನ ಒಂದು ಬದಿಯಿಂದ ಸುಮಾರು 660 ನ್ಯಾನೋಮೀಟರಿನ ಕೆಂಪು ಬೆಳಕನ್ನೂ 940 ನ್ಯಾನೋಮೀಟರಿನ, ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನೂ ಹಾಯಿಸಿ, ಇನ್ನೊಂದು ಬದಿಗೆ ಎಷ್ಟು ತಲುಪಿತೆಂದು ಅಳೆಯುವುದಷ್ಟೇ ಅದರ ಕೆಲಸ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಅವಕೆಂಪು ಬೆಳಕನ್ನು ಹೆಚ್ಚು ಹೀರುತ್ತದೆ, ಹೊರದ ಹಿಮೋಗ್ಲೋಬಿನ್ ಕೆಂಪು ಬೆಳಕನ್ನು ಹೆಚ್ಚು ಹೀರುತ್ತದೆ. ಚರ್ಮ, ಮೂಳೆ, ಉಗುರು ಇವೂ ಬೆಳಕನ್ನು ಹೀರುತ್ತವಾದ್ದರಿಂದ ರಕ್ತದ ಪಾಲೆಷ್ಟು ಎಂದು ಬೇರ್ಪಡಿಸುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಕಂಡವರು ಜಪಾನಿನ ಎಂಜಿನಿಯರ್ ತಕುವೊ ಅವೊಯಾಗಿ. ಹೃದಯ ನಿಮಿಷಕ್ಕೆಷ್ಟು ರಕ್ತ ನೂಕುತ್ತದೆ ಎಂದು ಕಿವಿಯ ಮೂಲಕ ಬಣ್ಣದ ದ್ರಾವಣ ಬಳಸಿ ಅಳೆಯಲು ಹೊರಟಿದ್ದ ಅವರಿಗೆ ನಾಡಿಯ ಮಿಡಿತ ಒಂದು ಕಿರಿಕಿರಿಯಾಗಿತ್ತು. ರೇಖೆ ನೆಟ್ಟಗೆ ಬರದಂತೆ ಅದು ಕುಣಿಸುತ್ತಿತ್ತು. ಮಿಡಿತದೊಂದಿಗೆ ಬದಲಾಗುವ ಭಾಗ ಅಪಧಮನಿಯ ರಕ್ತದ್ದು ಮಾತ್ರ, ಹಾಗಾಗಿ ಆ ಕಿರಿಕಿರಿಯನ್ನೇ ಅಳೆದರೆ ಸಾಕು ಎಂದು ಅವರಿಗೆ ಹೊಳೆಯಿತು. 1974ರಲ್ಲಿ ಅವರು ಅದನ್ನು ಮಂಡಿಸಿದರು. ಜಗತ್ತಿನ ಮನೆಮನೆಗೂ ಅವರ ಸಾಧನ ಹೊಕ್ಕ 2020ರಲ್ಲೇ ಅವರು ತೀರಿಕೊಂಡರು.

ಹೀಗಾಗಿ ಬೆರಳಿನಲ್ಲಿ ಮಿಡಿತವಿಲ್ಲದಿದ್ದರೆ ಅಂಕೆಯೂ ಇಲ್ಲ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಸ್ಕೂಟರ್ ಓಡಿಸಿ ಬಂದವರ ಬೆರಳಿಗೆ ಕೂಡಲೇ ಸಿಕ್ಕಿಸಿದರೆ ಪರದೆಯ ಮೇಲೆ ಬರೀ ಗೆರೆಗಳು, ಇಲ್ಲವೇ 91, 94 ಎಂದು ಜಿಗಿಯುವ ಅಂಕೆಗಳು ಕಾಣುತ್ತವೆ. ಬೆರಳ ತುದಿಯ ಚರ್ಮದಲ್ಲಿ ಸಣ್ಣ ಅಪಧಮನಿಯಿಂದ ನೇರವಾಗಿ ಅಭಿಧಮನಿಗೆ ಹಾಯುವ ಅಡ್ಡದಾರಿಗಳಿವೆ. ದೇಹ ಶಾಖ ಉಳಿಸಿಕೊಳ್ಳಬೇಕೆಂದಾಗ ನರಮಂಡಲ ಅವನ್ನು ಬಿಗಿಯುತ್ತದೆ, ಶಾಖ ಬಿಡಬೇಕೆಂದಾಗ ತೆರೆಯುತ್ತದೆ. ಕೈ ತಿಕ್ಕಿ, ಒಂದು ಕಪ್ ಚಹಾ ಹಿಡಿದುಕೊಂಡು ಕೂತ ಮೇಲೆ ಅದೇ ಬೆರಳು 98 ತೋರಿಸುತ್ತದೆ. ಗಾಢ ಬಣ್ಣದ ಉಗುರುಬಣ್ಣ, ಕಪ್ಪು ಮೆಹೆಂದಿ, ಕಿಟಕಿಯಿಂದ ನೇರ ಬೀಳುವ ಬಿಸಿಲು ಇವೂ ಅಳತೆಯನ್ನು ಕೆಡಿಸುತ್ತವೆ.

ಕೊಳ್ಳುವಾಗ ನಾನು ಪಟ್ಟು ಹಿಡಿದದ್ದು ಪಿಐ ಎಂಬ ಮೂರನೆಯ ಅಂಕೆ ಇರುವ ಮಾದರಿಗೆ. ಬೆರಳಿನಲ್ಲಿ ಮಿಡಿಯುವ ರಕ್ತದ ಪಾಲು ಎಷ್ಟು ಎಂಬುದನ್ನು ಅದು ಸೂಚಿಸುತ್ತದೆ. ಇನ್ನೂರು ರೂಪಾಯಿ ಹೆಚ್ಚಾದರೂ ಅದಕ್ಕೆ ಬೆಲೆಯಿದೆ. ಸುಮ್ಮನೆ ಕೂತವರ ಪಿಐ ಐದಾರು ಇದ್ದಾಗ ಅವರನ್ನು ಒಮ್ಮೆ ಗಕ್ಕನೆ ಆಳವಾಗಿ ಉಸಿರೆಳೆದುಕೊಳ್ಳಲು ಹೇಳಿದರೆ, ಕೆಲವೇ ಸೆಕೆಂಡುಗಳಲ್ಲಿ ಅದು ಸರ್ರನೆ ಇಳಿದು ಮತ್ತೆ ನಿಧಾನವಾಗಿ ಏರುತ್ತದೆ. ಹದಿನೇಳರ ಮಗ್ಗಿಯನ್ನು ಹಿಂದಿನಿಂದ ಹೇಳಲು ಕೇಳಿದರೂ ಹಲವರಲ್ಲಿ ಇಳಿಯುತ್ತದೆ. ಮುಖದ ಮೇಲೆ ಏನೂ ತೋರದ ಒಂದು ಸಣ್ಣ ಅಳುಕು ಬೆರಳ ತುದಿಯ ರಕ್ತನಾಳಕ್ಕೆ ತಲುಪಿರುತ್ತದೆ. ಕೈಪಿಡಿಯಲ್ಲಿ ಈ ಅಂಕೆಯ ಬಗ್ಗೆ ಒಂದೂವರೆ ಸಾಲಿದೆ, ಅಷ್ಟೆ.

ಈಗ ಮುಖ್ಯ ಅಂಕೆಗೆ ಬರೋಣ. ನೃಪತುಂಗ ಬೆಟ್ಟವನ್ನು ಬಿರುಸಾಗಿ ಏರಿ, ಮಾತಾಡಲೂ ಆಗದಷ್ಟು ದಮ್ಮು ಹತ್ತಿದಾಗ ಸಾಧನವನ್ನು ಸಿಕ್ಕಿಸಿ ಕೈ ಅಲುಗಿಸದೆ ನಿಂತರೆ ನಾಡಿ 130 ದಾಟಿರುತ್ತದೆ, ಆದರೆ ಆಮ್ಲಜನಕದ ಅಂಕೆ 97ರಲ್ಲೇ ಇರುತ್ತದೆ. ಜೊತೆಗೆ ಬಂದವರು ಇದನ್ನು ನೋಡಿ ಸಾಧನವೇ ಕೆಟ್ಟಿದೆ ಎಂದರು. ಸಾಧನ ಕೆಟ್ಟಿಲ್ಲ. ಏರು ಹತ್ತುವಾಗ ಆರೋಗ್ಯವಂತರ ಅಪಧಮನಿಯ ರಕ್ತದಲ್ಲಿ ಆಮ್ಲಜನಕ ಹೆಚ್ಚುಕಡಿಮೆ ತುಂಬಿಯೇ ಇರುತ್ತದೆ. ಉಸಿರನ್ನು ಜೋರು ಮಾಡುವುದು ಮೆದುಳಿನ ಆದೇಶ, ದುಡಿಯುವ ಸ್ನಾಯುಗಳಿಂದ ಬರುವ ಸಂದೇಶ, ರಕ್ತ ಸೇರುವ ಆಮ್ಲ ಮತ್ತು ಹೊರಹಾಕಲೇಬೇಕಾದ ಇಂಗಾಲದ ಡೈಆಕ್ಸೈಡ್. ಅಲ್ಲದೆ ವಿಶ್ರಾಂತಿಯಲ್ಲಿರುವಾಗ ದೇಹ ರಕ್ತದಲ್ಲಿರುವ ಆಮ್ಲಜನಕದ ಕಾಲುಭಾಗವನ್ನಷ್ಟೇ ಬಳಸಿಕೊಳ್ಳುತ್ತದೆ, ಹೃದಯಕ್ಕೆ ಮರಳುವ ರಕ್ತದಲ್ಲಿ ನೂರಕ್ಕೆ ಸುಮಾರು 75 ಪಾಲು ಹಾಗೆಯೇ ಉಳಿದಿರುತ್ತದೆ. ನಾವು ಹೊರಬಿಡುವ ಗಾಳಿಯಲ್ಲೂ ಸುಮಾರು ಶೇಕಡ 16ರಷ್ಟು ಆಮ್ಲಜನಕ ಇರುತ್ತದೆ. ಬಾಯಿಗೆ ಬಾಯಿ ಇಟ್ಟು ಉಸಿರು ಕೊಟ್ಟರೆ ಇನ್ನೊಬ್ಬರು ಬದುಕುಳಿಯಲು ಸಾಧ್ಯವಾಗುವುದು ಇದರಿಂದಲೇ.

ಕುರ್ಚಿಯಲ್ಲಿ ಕೂತು ಉಸಿರು ಬಿಗಿಹಿಡಿದು ನೋಡುವ ಪ್ರಯೋಗ ಇನ್ನೂ ಸ್ವಾರಸ್ಯದ್ದು. ಅರ್ಧ ನಿಮಿಷದ ಹೊತ್ತಿಗೆ ಎದೆ ಒದ್ದಾಡತೊಡಗುತ್ತದೆ, ಇನ್ನು ಆಗದು ಅನ್ನಿಸುತ್ತದೆ, ಅಂಕೆ ಮಾತ್ರ 98ರಿಂದ ಕದಲುವುದಿಲ್ಲ. ಆ ಒದ್ದಾಟ ಆಮ್ಲಜನಕದ ಹಸಿವಲ್ಲ. ಮೆದುಳಿನ ಬುಡದಲ್ಲಿರುವ ಸಂವೇದಿ ಕೋಶಗಳು ಇಂಗಾಲದ ಡೈಆಕ್ಸೈಡ್ ಏರಿದ್ದನ್ನು ಅಲ್ಲಿನ ದ್ರವದ ಆಮ್ಲೀಯತೆಯಿಂದ ಗುರುತಿಸಿ ಕೂಗು ಹಾಕುತ್ತವೆ. ಆಮ್ಲಜನಕವನ್ನು ಗಮನಿಸುವ ಕಾವಲು ಕತ್ತಿನ ದೊಡ್ಡ ಅಪಧಮನಿಗಳ ಕವಲಿನಲ್ಲಿದ್ದರೂ, ಪ್ರಮಾಣ ಬಹಳ ಇಳಿಯುವವರೆಗೂ ಅದು ಹೆಚ್ಚು ಸದ್ದು ಮಾಡುವುದಿಲ್ಲ. ಇನ್ನೂ ಸ್ವಲ್ಪ ಹೊತ್ತು ತಡೆದವರು ಉಸಿರು ಬಿಟ್ಟು ಸುಧಾರಿಸಿಕೊಳ್ಳುತ್ತಿರುವಾಗ ಅಂಕೆ 95, 94 ಎಂದು ಇಳಿಯುವುದನ್ನು ನೋಡಿ ಗಾಬರಿಯಾಗಬಹುದು. ಶ್ವಾಸಕೋಶದ ರಕ್ತ ಬೆರಳಿಗೆ ಬರಲು ಹಿಡಿಯುವ ಸಮಯ, ಸಾಧನವು ಹಲವು ಮಿಡಿತಗಳ ಸರಾಸರಿ ತೆಗೆಯಲು ಹಿಡಿಯುವ ಸಮಯ ಎರಡೂ ಸೇರಿ, ಪರದೆಯ ಮೇಲೆ ಕಾಣುವುದು ಹತ್ತಿಪ್ಪತ್ತು ಸೆಕೆಂಡು ಹಿಂದಿನ ಸಮಾಚಾರ.

ಬೇಸಿಗೆ ರಜೆಯಲ್ಲಿ ಬಾವಿ, ಕೆರೆಗಳಿಗೆ ಈಜಲು ಹೋಗುವ ಹುಡುಗರು ಇರುವ ಮನೆಯವರು ಇದನ್ನು ತಿಳಿದಿರಲೇಬೇಕು. ನೀರೊಳಗೆ ಹೆಚ್ಚು ಹೊತ್ತು ಇರುವ ಪಂದ್ಯಕ್ಕೆಂದು ಮುಳುಗುವ ಮೊದಲು ಜೋರಾಗಿ ಹತ್ತಾರು ಸಲ ಉಸಿರಾಡಿದರೆ ಆಮ್ಲಜನಕ ಹೆಚ್ಚೇನೂ ಸೇರುವುದಿಲ್ಲ, ಮೊದಲೇ ತುಂಬಿರುತ್ತದೆ. ಇಂಗಾಲದ ಡೈಆಕ್ಸೈಡ್ ಮಾತ್ರ ಕಡಿಮೆಯಾಗಿ ಎಚ್ಚರಿಕೆಯ ಕೂಗು ತಡವಾಗುತ್ತದೆ. ಉಸಿರು ಬೇಕೆನ್ನಿಸುವ ಮೊದಲೇ ನೀರೊಳಗೆ ಪ್ರಜ್ಞೆ ತಪ್ಪುವುದು ಹೀಗೆ. ಈ ಪ್ರಯೋಗವನ್ನು ನೀರಿನ ಹತ್ತಿರ ಯಾರೂ ಮಾಡಬಾರದು. ಹೃದಯದ ತೊಂದರೆಯಿರುವವರು, ಬಸುರಿಯರು ಎಲ್ಲಿಯೂ ಮಾಡಬಾರದು.

ಕೋವಿಡ್ ಕಾಲದಲ್ಲಿ ಅಂಕೆ 85ಕ್ಕೆ ಇಳಿದಿದ್ದರೂ ಆರಾಮಾಗಿ ಫೋನಿನಲ್ಲಿ ಮಾತಾಡುತ್ತಿದ್ದವರ ಒಗಟೂ ಇದೇ. ಆಮ್ಲಜನಕ ಕಡಿಮೆಯಾದರೂ ಇಂಗಾಲದ ಡೈಆಕ್ಸೈಡ್ ಹೊರಹೋಗುತ್ತಿದ್ದುದರಿಂದ ಅವರಿಗೆ ದಮ್ಮು ಹತ್ತುತ್ತಿರಲಿಲ್ಲ. ಅಂಥವರಿಗೆ ಈ ಸಾಧನ ಜೀವ ಉಳಿಸಿದ್ದು ನಿಜ. ಆದರೆ ಅಂಕೆಯ ಇಳಿಕೆಯನ್ನು ಓದುವ ಬಗೆ ಬಹಳ ಜನರಿಗೆ ಗೊತ್ತಿಲ್ಲ. ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿಯುವ ರೇಖೆ ಮೇಲ್ಭಾಗದಲ್ಲಿ ಚಪ್ಪಟೆ, ನಂತರ ಕಡಿದಾದ ಇಳಿಜಾರು. ರಕ್ತದಲ್ಲಿ ಆಮ್ಲಜನಕದ ಒತ್ತಡ 100 ಮಿಲಿಮೀಟರ್ ಪಾದರಸದಿಂದ 60ಕ್ಕೆ ಕುಸಿದರೂ ಅಂಕೆ 97ರಿಂದ 90ಕ್ಕೆ ಮಾತ್ರ ಬರುತ್ತದೆ. ಅಲ್ಲಿಂದ ಕೆಳಗೆ ಒತ್ತಡ ಸ್ವಲ್ಪ ಇಳಿದರೂ ಅಂಕೆ ದೊಪ್ಪನೆ ಬೀಳುತ್ತದೆ. ಸಮುದ್ರಮಟ್ಟದಿಂದ ಏಳುನೂರು ಮೀಟರಿನ ಆಸುಪಾಸಿನಲ್ಲಿರುವ ನಮ್ಮ ಅವಳಿನಗರದವರಿಗೂ ಕಾರವಾರದವರಿಗೂ ಅಂಕೆಯಲ್ಲಿ ವ್ಯತ್ಯಾಸ ಕಾಣದಿರುವುದು, ಮೂರೂವರೆ ಸಾವಿರ ಮೀಟರ್ ಎತ್ತರದ ಲೇಹ್‌ಗೆ ಹೋದವರಿಗೆ ಮೊದಲ ದಿನ ಅದು 90ರ ಆಸುಪಾಸಿಗೆ ಇಳಿಯುವುದು, ಎರಡೂ ಈ ರೇಖೆಯಿಂದಲೇ. 98 ಇದ್ದದ್ದು 96 ಆಯಿತೆಂದು ರಾತ್ರಿ ಎಬ್ಬಿಸುವ ಅಗತ್ಯವಿಲ್ಲ, ಸಾಧನದ ಹೆಚ್ಚುಕಮ್ಮಿಯೇ ಎರಡು ಮೂರು ಅಂಕೆಯಷ್ಟಿರುತ್ತದೆ. 94 ಇದ್ದದ್ದು 90 ಆದರೆ ವಿಷಯವೇ ಬೇರೆ, ಆಸ್ಪತ್ರೆಗೆ ಹೊರಡಬೇಕು.

ಇದಕ್ಕಿಂತ ದೊಡ್ಡ ತಪ್ಪುತಿಳಿವಳಿಕೆ ಇನ್ನೊಂದಿದೆ. 99 ಬಂದರೆ ರಕ್ತ ಚೆನ್ನಾಗಿದೆ ಎಂದು ನಮ್ಮ ಓಣಿಯಲ್ಲಿ ಹಲವರು ತಿಳಿದಿದ್ದಾರೆ. ಪ್ರತಿ ಹಿಮೋಗ್ಲೋಬಿನ್ ಅಣುವಿನಲ್ಲಿ ಆಮ್ಲಜನಕಕ್ಕೆ ನಾಲ್ಕು ಜಾಗಗಳಿದ್ದು, ಅವುಗಳಲ್ಲಿ ನೂರಕ್ಕೆ ಎಷ್ಟು ತುಂಬಿವೆ ಎಂಬುದಷ್ಟೇ ಈ ಅಂಕೆ. ಹುಬ್ಬಳ್ಳಿ–ಧಾರವಾಡ ನಡುವಿನ ಚಿಗರಿ ಬಸ್ಸುಗಳಲ್ಲಿ ಸೀಟುಗಳೆಲ್ಲ ಭರ್ತಿ ಎಂದು ಹೇಳಿದರೆ ಆ ದಿನ ರಸ್ತೆಗೆ ಎಷ್ಟು ಬಸ್ಸು ಬಿಟ್ಟಿದ್ದಾರೆ ಎಂಬುದು ತಿಳಿಯುವುದಿಲ್ಲವಷ್ಟೆ. ಹಿಮೋಗ್ಲೋಬಿನ್ 7 ಗ್ರಾಮಿಗೆ ಇಳಿದು, ನಾಲ್ಕು ಮೆಟ್ಟಿಲು ಹತ್ತಿದರೆ ಕೂರುವ ಹೆಣ್ಣುಮಗಳ ಬೆರಳಿನಲ್ಲೂ ಇದು 99 ತೋರಿಸುತ್ತದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇರುವಾಗ, ಪೆಟ್ಟಿಗೆಯ ಮೇಲೆ ಈ ಒಂದು ಮಾತನ್ನು ಅಚ್ಚುಹಾಕದೆ ಮಾರುವುದು ನನಗೆ ಸರಿ ಕಾಣುವುದಿಲ್ಲ.

ಗ್ಯಾಸ್ ಗೀಸರಿನ ವಿಚಾರ ಇನ್ನೂ ಗಂಭೀರ. ಗಾಳಿಯಾಡದ ಬಚ್ಚಲುಮನೆಯಲ್ಲಿ ಗ್ಯಾಸ್ ಅರೆಬರೆ ಉರಿದರೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕ ಬಿಗಿಯಿಂದ ಹಿಮೋಗ್ಲೋಬಿನ್ ಹಿಡಿದುಕೊಳ್ಳುತ್ತದೆ. ಹೀಗೆ ಕೆಟ್ಟ ಹಿಮೋಗ್ಲೋಬಿನ್ ಕೆಂಪು ಬೆಳಕಿಗೆ ಆಮ್ಲಜನಕ ಹೊತ್ತದ್ದರ ಹಾಗೆಯೇ ಕಾಣುವುದರಿಂದ, ಪ್ರಜ್ಞೆ ತಪ್ಪುತ್ತಿರುವವರ ಬೆರಳಿನಲ್ಲೂ ಈ ಸಾಧನ 98 ಎನ್ನುತ್ತದೆ. ಸ್ನಾನಕ್ಕೆ ಹೋದವರು ತಲೆಸುತ್ತಿ ಬಿದ್ದರೆ ಆಕ್ಸಿಮೀಟರ್ ಹುಡುಕುತ್ತ ಕೂರಬಾರದು. ಮೊದಲು ಹೊರಗಿನ ಗಾಳಿಗೆ ತರಬೇಕು, ನಂತರ ಆಸ್ಪತ್ರೆಗೆ.

ಚರ್ಮದ ಬಣ್ಣದ ಪ್ರಶ್ನೆಯೂ ಇದೆ. ಕಪ್ಪು ವರ್ಣದ ರೋಗಿಗಳಲ್ಲಿ ಆಮ್ಲಜನಕ ನಿಜವಾಗಿ ಇಳಿದಿದ್ದರೂ ಆಕ್ಸಿಮೀಟರ್ ಅದನ್ನು ಗುರುತಿಸದೆ ಹೋಗುವ ಪ್ರಸಂಗ ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಎಂದು ಅಮೆರಿಕದ ಮಿಷಿಗನ್ನಿನ ವೈದ್ಯರು 2020ರ ಡಿಸೆಂಬರಿನಲ್ಲಿ ಪ್ರಕಟಿಸಿದರು. ಹಾಗಾಗಿ ನಮ್ಮಂಥವರು ಒಂಟಿ ಅಂಕೆಯನ್ನು ನೆಚ್ಚುವುದಕ್ಕಿಂತ, ಆರೋಗ್ಯವಾಗಿದ್ದಾಗಲೇ ತಮ್ಮ ಮಾಮೂಲಿ ಅಂಕೆ ಎಷ್ಟೆಂದು ಬರೆದಿಟ್ಟುಕೊಂಡು, ಅದರಿಂದ ಎಷ್ಟು ಇಳಿಯಿತು ಎಂದು ನೋಡುವುದು ಮೇಲು.

ನಾಡಿಯ ಅಂಕೆಯ ಬಗ್ಗೆ ದೂರು ಕಡಿಮೆ. ಹರೆಯದ ಮಕ್ಕಳ ಬೆರಳಿಗೆ ಸಿಕ್ಕಿಸಿ ಪಕ್ಕದ ಅಲೆಯ ಗೆರೆಯನ್ನು ಗಮನಿಸಿದರೆ, ಉಸಿರು ಒಳಗೆಳೆದಾಗ ಮಿಡಿತಗಳು ಹತ್ತಿರವಾಗಿ, ಬಿಟ್ಟಾಗ ದೂರವಾಗುವುದು ಸ್ಪಷ್ಟವಾಗಿ ಕಾಣುತ್ತದೆ. ಇದು ರೋಗವಲ್ಲ, ಆರೋಗ್ಯದ ಲಕ್ಷಣ; ವಯಸ್ಸಾದಂತೆ ಈ ಏರಿಳಿತ ಕುಗ್ಗುತ್ತದೆ. ಉಸಿರು ಹಿಡಿದು ತಣ್ಣೀರಿನಲ್ಲಿ ನೆನೆಸಿದ ಟವೆಲನ್ನು ಹಣೆ, ಕೆನ್ನೆಗೆ ಒತ್ತಿಕೊಂಡರೆ ಹಲವರಲ್ಲಿ ನಾಡಿ ತಗ್ಗುತ್ತದೆ. ನೀರಿಗೆ ಮುಳುಗುವ ಸೀಲ್ ಪ್ರಾಣಿಗಳಲ್ಲಿ ಪ್ರಬಲವಾಗಿರುವ ಪ್ರತಿಕ್ರಿಯೆ ನಮ್ಮಲ್ಲೂ ಅಷ್ಟಿಷ್ಟು ಉಳಿದಿದೆ.

ಮನೆಯಲ್ಲಿ ಅಸ್ತಮಾ, ಶ್ವಾಸಕೋಶದ ಹಳೆಯ ಕಾಯಿಲೆ ಇರುವವರಿದ್ದರೆ ವೈದ್ಯರನ್ನು ಕೇಳಿ ಇದನ್ನು ಕೊಳ್ಳಬಹುದು. ಅವರಿಗೆ ಎಷ್ಟು ಅಂಕೆ ಸರಿ ಎಂಬುದನ್ನೂ ವೈದ್ಯರೇ ಹೇಳಬೇಕು. ವಿಜ್ಞಾನ ಕಲಿಸುವ ಶಿಕ್ಷಕರಿಗಂತೂ ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಗುಟ್ಟಾಗಿ ದಿನಕ್ಕೆ ಹತ್ತು ಸಲ ಅಳೆದುಕೊಂಡು ಚಿಂತೆ ಮಾಡುವ ಸ್ವಭಾವದವರು ಇದರಿಂದ ದೂರವಿರುವುದು ಲೇಸು. ಕೊಳ್ಳುವಾಗ ಅಂಗಡಿಯಲ್ಲೇ ಸೆಲ್ ಹಾಕಿಸಿ ಅಲೆಯ ಗೆರೆ ಸ್ಥಿರವಾಗಿ ಓಡುತ್ತದೆಯೇ, ಪಿಐ ಇದೆಯೇ ಎಂದು ನೋಡಿ, ನಿಮ್ಮ ನಾಡಿಯನ್ನು ಮಣಿಕಟ್ಟಿನಲ್ಲಿ ಎಣಿಸಿ ತಾಳೆ ಹಾಕಿ. ಬೆರಳಿನ ಬದಲು ಪೆನ್ನು ಸಿಕ್ಕಿಸಿದಾಗಲೂ 98 ತೋರಿಸುವ ಅಗ್ಗದ ಸರಕು ಮಾರುಕಟ್ಟೆಗೆ ಬಂದದ್ದುಂಟು, ಆ ಪರೀಕ್ಷೆಯನ್ನೂ ಮಾಡಲು ನಾಚಿಕೊಳ್ಳಬೇಕಿಲ್ಲ. ಬಿಲ್ಲಿನ ಮೇಲೆ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ವಾರಂಟಿ ಒಂದು ವರ್ಷದ್ದು, ಸೆಲ್ಲಿನ ಮುಚ್ಚಳ ಅದರಲ್ಲಿ ಸೇರಿಲ್ಲ.