ಜೋನಿ ಬೆಲ್ಲವೋ, ಅಚ್ಚು ಬೆಲ್ಲವೋ, ಬ್ರೌನ್ ಶುಗರೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಮತ ಜೋನಿ ಬೆಲ್ಲಕ್ಕೆ, ಅಂದರೆ ಅಚ್ಚಿಗೆ ಹೊಯ್ಯದ, ಪಾಕದಂತಿರುವ ನೀರು ಬೆಲ್ಲಕ್ಕೆ. ಈ ಸಲ ಶಿರಸಿ ಕಡೆಯ ಆಲೆಮನೆಯಿಂದ ತರಿಸಿದ ಡಬ್ಬಿ ಅಷ್ಟು ಚೆನ್ನಾಗಿ ಬಂದಿದೆ. ತೆಳ್ಳೇವಿನ (ತೆಳು ದೋಸೆಯ) ಮೇಲೆ ಒಂದು ಚಮಚ ಜೋನಿ, ಅದರ ಮೇಲಿಷ್ಟು ತುಪ್ಪ ಬಿದ್ದರೆ ಚಟ್ನಿ ಬೇಕೆನಿಸುವುದಿಲ್ಲ. ಕಬ್ಬಿನ ಹಾಲಿನ ಘಮ ಇನ್ನೂ ಉಳಿದಿರುತ್ತದೆ. ಜೋನಿಯ ಪಾಕವನ್ನು 105 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಇಳಿಸುತ್ತಾರೆ. ಅಚ್ಚಿಗೆ ಹೊಯ್ಯುವುದಾದರೆ ಸುಮಾರು 118ರ ತನಕ ಕಾಯಿಸಬೇಕು.

ಜೋನಿಯದ್ದು ಒಂದೇ ರಗಳೆ, ತಳ ಕಟ್ಟುವುದು. ಕೆಲವು ವಾರ ಕಳೆದರೆ ಡಬ್ಬಿಯ ಅಡಿಯಲ್ಲಿ ಹರಳು ಕೂತು, ಮೇಲೆ ಕಂದು ಪಾಕ ತೇಲುತ್ತದೆ. ನೋಡಿದವರು ‘ಸಕ್ಕರೆ ಬೆರೆಸಿದ್ದಾರೆ’ ಅನ್ನುತ್ತಾರೆ. ಆದರೆ ಪಾಕದಲ್ಲಿ ಕರಗಿದ್ದ ಕಬ್ಬಿನದೇ ಸಕ್ಕರೆ ತಣಿದಾಗ ಹರಳಾಗುತ್ತದೆ. ಅಷ್ಟನ್ನೇ ನೋಡಿ ಕಲಬೆರಕೆ ಅನ್ನಲಾಗದು.

ತೊಂದರೆ ಆಗುವುದು ಬಳಸುವಾಗ. ಮೇಲಿನದನ್ನೇ ಬಗ್ಗಿಸಿಕೊಳ್ಳುತ್ತಾ ಹೋದರೆ ಕೊನೆಗೆ ಚಮಚ ಇಳಿಯದಷ್ಟು ಗಟ್ಟಿ ತಳ ಉಳಿಯುತ್ತದೆ. ಒದ್ದೆ ಸೌಟು ತಾಗಿತೋ, ಮೇಲಿನ ಪಾಕ ಬುರುಗೆದ್ದು ಹುಳಿ ವಾಸನೆ ಹೊಡೆಯುತ್ತದೆ. ಹಾಗಾಗಿ ಡಬ್ಬಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಕೂರಿಸಿ, ಒಣ ಮರದ ಸೌಟಿನಿಂದ ತಳ ಸಮೇತ ತಿರುವಿ, ಚಿಕ್ಕ ಗಾಜಿನ ಬಾಟಲಿಗಳಿಗೆ ತುಂಬಿಡುತ್ತೇನೆ. ಊಟದ ಮನೆಗೆ ಒಂದೇ ಬಾಟಲಿ ಬರುತ್ತದೆ.

ಹೋಳಿಗೆಗೆ ಮಾತ್ರ ಮಂಡ್ಯದ ಅಚ್ಚು ಬೆಲ್ಲವೇ ಸರಿ. ಜೋನಿ ಹಾಕಿದರೆ ಹೂರಣ ಸಡಿಲವಾಗುತ್ತದೆ, ನೀರು ಆರಿಸಲು ಹೋದರೆ ತಳ ಹಿಡಿಯುತ್ತದೆ. ಅಚ್ಚಿನಲ್ಲಿ ಕಂದು ಬಣ್ಣದ್ದನ್ನೇ ಆರಿಸುತ್ತೇನೆ. ಹೊಳೆಯುವ ಹಳದಿ ಬರಲೆಂದು ಪಾಕಕ್ಕೆ ಹೈಡ್ರೋಸ್ ಎಂಬ ಬಣ್ಣ ತಿಳಿಯಾಗಿಸುವ ರಾಸಾಯನಿಕ ಹಾಕುವುದುಂಟು. ಕರಗಿಸಿ ಸೋಸಿದರೆ ಕಬ್ಬಿನ ಸಿಪ್ಪೆ, ಮರಳು ಬಟ್ಟೆಯಲ್ಲಿ ನಿಲ್ಲುತ್ತವೆ. ಪಾಯಸಕ್ಕೆ ಯಾವ ಬೆಲ್ಲವಾದರೂ ಕುದಿಯುವ ಹಾಲಿಗೆ ಹಾಕಬೇಡಿ, ಒಡೆಯುತ್ತದೆ. ಒಲೆ ಆರಿಸಿ ಹಾಲು ಸ್ವಲ್ಪ ತಣಿದ ಮೇಲೆ ಬೆರೆಸಿ. ತೆಂಗಿನಕಾಯಿ ಹಾಲಾದರೆ ಈ ಭಯ ಕಡಿಮೆ.

ಬ್ರೌನ್ ಶುಗರ್ ಬೆಲ್ಲದ ಬದಲಿಯಲ್ಲ. ಅಂಗಡಿಯಲ್ಲಿ ಸಿಗುವ ಬಹುಪಾಲು ಬ್ರೌನ್ ಶುಗರ್ ಎಂದರೆ ಬಿಳಿ ಸಕ್ಕರೆಗೆ ಕಾಕಂಬಿ ಸೇರಿಸಿದ್ದು. ಕುಕೀಸ್ ಮೆತ್ತಗೆ ಬರಲು ಅದು ಒಳ್ಳೆಯದೇ, ಆದರೆ ಹೋಳಿಗೆಗೆ ಬೇಕಾದ ಘಮ ಅದರಲ್ಲಿಲ್ಲ. ಡೆಮೆರಾರ ಎಂಬ ಕಂದು ಸಕ್ಕರೆಯ ದಪ್ಪ ಹರಳು ಕಾಫಿಗೆ ಸಾಕು. ಕರಾವಳಿಯ ಓಲೆ ಬೆಲ್ಲ (ತಾಳೆ ಬೆಲ್ಲ) ಶುಂಠಿ ಕಷಾಯಕ್ಕೆ ಚೆಂದ.

ನಮ್ಮ ಮನೆಯಲ್ಲಿ ವಾರಕ್ಕೆ ಮೂರ್ನಾಲ್ಕು ದಿನ ದೋಸೆ, ಹೋಳಿಗೆ ಹಬ್ಬಕ್ಕೆ ಮಾತ್ರ. ಅದಕ್ಕೇ ಆಲೆಮನೆ ಸುಗ್ಗಿಯಲ್ಲಿ ವರ್ಷದ ಜೋನಿ ಒಟ್ಟಿಗೆ ತರಿಸುತ್ತೇನೆ, ಅಚ್ಚು ಬೆಲ್ಲ ಹಬ್ಬದ ಮುಂಚೆ ಅರ್ಧ ಕೆಜಿ. ಬ್ರೌನ್ ಶುಗರ್‌ಗೆ ಕೊಡುವ ದುಡ್ಡು ತುಪ್ಪಕ್ಕೆ ಹೋಗುತ್ತದೆ.