ಚೂರಿ ಮಾಡಲು ಗುಜರಿಯ ಲಾರಿ ಪ್ಲೇಟು: ಕೊಳ್ಳಬಹುದೇ?

ಶಿರಸಿಯ ಗುಜರಿ ಅಂಗಡಿಗಳಲ್ಲಿ ತೂಕದ ಲೆಕ್ಕದಲ್ಲಿ ಸಿಗುವ ಹಳೇ ಲಾರಿ ಸ್ಪ್ರಿಂಗ್ ಪ್ಲೇಟು (ಲಾರಿಯ ಭಾರ ತಾಳುವ ಬಾಗಿದ ಉಕ್ಕಿನ ಪಟ್ಟಿ) ತೋಟದ ಕತ್ತಿಗೆ ಒಳ್ಳೇ ಮಾಲು. ಅಡುಗೆಮನೆ ಚೂರಿಗೆ ಅಷ್ಟಕ್ಕಷ್ಟೇ: ಬೇಕಾದ ದಪ್ಪ 2–3 ಮಿ.ಮೀ., ಲಾರಿ ಪ್ಲೇಟು ಅದರ ಹಲವು ಪಟ್ಟು. ಕುಲುಮೆಯಲ್ಲಿ ಬಡಿಯದೆ ಬರೀ ಗ್ರೈಂಡರಿನಲ್ಲಿ ಉಜ್ಜುತ್ತ ಕೂತರೆ ಡಿಸ್ಕಿನ ಖರ್ಚೇ ಹೆಚ್ಚಾದೀತು.

ಆಯುವಾಗ ನಡುವಿನ ಬೋಲ್ಟಿನ ತೂತಿನ ಸುತ್ತ ನೋಡಿ. ಬಿರುಕು ಹೆಚ್ಚಾಗಿ ಅಲ್ಲೇ. ಕೊಯ್ಯುವ ಮೊದಲು ಕೆಂಪಗೆ ಕಾಯಿಸಿ ರಾತ್ರಿಯಿಡೀ ಬೂದಿಯಲ್ಲಿ ಹುಗಿದಿಡಬೇಕು, ಇಲ್ಲವಾದರೆ ಫೈಲಿನಲ್ಲಿ ಉಜ್ಜುವುದು ಕಷ್ಟ. ಬಾಯಿಯನ್ನು ಮೊದಲೇ ಚೂಪು ಮಾಡಬೇಡಿ, 1 ಮಿ.ಮೀ. ಉಳಿಸಿ, ತೆಳುವಾದರೆ ಹದ ಹಾಕುವಾಗ (ಕಾಯಿಸಿ ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡುವಾಗ) ಸೊಟ್ಟಗಾಗುತ್ತದೆ. ಆಯಸ್ಕಾಂತ ಹಿಡಿಯದಾದ ಮೇಲೂ (ಸುಮಾರು 770 ಡಿಗ್ರಿ) ತುಸು ಕಾಯಿಸಿ ಬೆಚ್ಚಗಿನ ಎಣ್ಣೆಯಲ್ಲಿ ಅದ್ದಿ. ನೀರು ಬೇಡವೇ ಬೇಡ, ಸೀಳುತ್ತದೆ. ಆಮೇಲೆ ಅವನ್‌ನಲ್ಲಿ ಎರಡೆರಡು ಗಂಟೆಯಂತೆ ಎರಡು ಸಲ ಕಾಯಿಸಿ: ಚೂರಿಗೆ 200 ಡಿಗ್ರಿ, ಕಡಿಯುವ ಕತ್ತಿಗೆ 250. ಈ ಅವನ್ ಕೆಲಸ ಮಾಡದೆ ಬಿಟ್ಟರೆ ಕೈಜಾರಿ ನೆಲಕ್ಕೆ ಬಿದ್ದರೂ ಮುರಿದೀತು.

ತುಕ್ಕು ಮಾತ್ರ ತಪ್ಪಿದ್ದಲ್ಲ. ಕಾರವಾರದ ಕಡಲಗಾಳಿಯಲ್ಲಂತೂ ಬಳಸಿದ ಕೂಡಲೇ ಒರೆಸಿ ಕೊಬ್ಬರಿ ಎಣ್ಣೆ ಸವರಬೇಕು. ಅಷ್ಟು ತಾಳ್ಮೆ ಇಲ್ಲದವರು ಸ್ಟೇನ್‌ಲೆಸ್ ಸ್ಟೀಲ್ ಚೂರಿಯನ್ನೇ ಕೊಳ್ಳಲಿ.